ಉಣಕಲ್ ಕೆರೆಯ ಏರಿಯ ಮೇಲೆ

ಬೆಳಿಗ್ಗೆ ಉಣಕಲ್ ಕೆರೆಯಲ್ಲಿ ನೀರುಕಾಗೆ ಮುಳುಗಿ ಮುಳುಗಿ ಏಳುತ್ತಿತ್ತು. ಬೆಳ್ಳಕ್ಕಿ ದಡದ ತೆಳು ನೀರಿನಲ್ಲೇ ಕಾಯುತ್ತಿತ್ತು. ಒಂದರ ಪಾಲಿಗೆ ಇನ್ನೊಂದು ಬಾಯಿ ಹಾಕಲಿಲ್ಲ.

ಅಂಟಾರ್ಕ್ಟಿಕಾದಲ್ಲೂ ಬಹುಮಟ್ಟಿಗೆ ಇದೇ ಲೆಕ್ಕ. ಅಡೇಲಿ ಪೆಂಗ್ವಿನ್ ಹೆಚ್ಚಾಗಿ 100 ಮೀಟರಿನೊಳಗೇ ಕ್ರಿಲ್ ಎಂಬ ಪುಟ್ಟ ಸಿಗಡಿಯಂಥ ಜೀವಿಯನ್ನು ಹಿಡಿಯುತ್ತದೆ. ಎಂಪರರ್ ಪೆಂಗ್ವಿನ್ 500 ಮೀಟರಿಗೂ ಕೆಳಗೆ ಇಳಿಯಬಲ್ಲದು. ವೆಡ್ಡೆಲ್ ಸೀಲ್ ಎಂಬ ಕಡಲಪ್ರಾಣಿ ತಾನು ಉಸಿರಾಡುವ ತೂತು ಹೆಪ್ಪುಗಟ್ಟದಂತೆ ಮಂಜುಗಡ್ಡೆಯನ್ನು ಹಲ್ಲಿನಿಂದ ಕೆರೆಯುತ್ತ, ಅದರಡಿಯ ಮೀನಿಗೆ ಇಳಿಯುತ್ತದೆ.

ನನಗೆ ನಗು ಬಂದದ್ದು ಕ್ರ್ಯಾಬ್‌ಈಟರ್ ಸೀಲಿನ ಬಗ್ಗೆ ಓದಿದಾಗ. ಹೆಸರಿನಲ್ಲಿ ಏಡಿ, ಹೊಟ್ಟೆಯಲ್ಲಿ ಕ್ರಿಲ್! ಹಲ್ಲುಗಳೋ, ಅವ್ವನ ಸಾಣಿಗೆಯಂತೆ: ಬಾಯ್ತುಂಬ ನೀರೆಳೆದು, ಸಂದಿಯಿಂದ ಹೊರಬಿಟ್ಟು, ಕ್ರಿಲ್ ಮಾತ್ರ ಉಳಿಸಿಕೊಳ್ಳುತ್ತದೆ.

ಚಿರತೆ ಸೀಲ್ ಮಾತ್ರ ಪೆಂಗ್ವಿನ್ನನ್ನೂ ತಿನ್ನುತ್ತದೆ, ಕ್ರಿಲ್ಲನ್ನೂ ಬಿಡುವುದಿಲ್ಲ. ಎರಡೆಕರೆ ಹೊಲಕ್ಕಾಗಿ ತಮ್ಮಂದಿರ ಮೇಲೆ ದಾವೆ ಹೂಡಿದ ನಮ್ಮ ದೊಡ್ಡಪ್ಪ ನೆನಪಾದರು.