‘ಅಷ್ಟೊಂದು ಟ್ರೈನಿಂಗ್ ಕೊಟ್ಟರೂ ಮೇಷ್ಟ್ರು ಯಾಕೆ ಹೀಗೆ?’

ಶಿಕ್ಷಕರ ತರಬೇತಿಯ ಕೆಲಸದಲ್ಲಿರುವವರು ಎಂದು ಗೊತ್ತಾದರೆ ಸಾಕು, ಮದುವೆ ಊಟದ ಪಂಕ್ತಿಯಲ್ಲೂ ಈ ಪ್ರಶ್ನೆ ಬಂದೇ ಬರುತ್ತದೆ: “ಸರ್ಕಾರ ಮೇಷ್ಟ್ರಿಗೆ ಅಷ್ಟೊಂದು ಟ್ರೈನಿಂಗ್ ಕೊಡತ್ತಲ್ಲ, ಆದ್ರೂ ಐದನೇ ಕ್ಲಾಸಿನ ಮಕ್ಕಳಿಗೆ ಕಳೆಯೋ ಲೆಕ್ಕ ಬರಲ್ಲ, ಯಾಕೆ?” ಹೇಳಿ ಹೇಳಿ ಸಾಕಾಗಿದೆ. ಬರೆದಿಟ್ಟರೆ ಮುಂದಿನವರಿಗೆ ಲಿಂಕ್ ಕಳಿಸಬಹುದು.

ಮೊದಲಿಗೆ, ಆ ‘ಕೊಡತ್ತಲ್ಲ’ ಅನ್ನುವುದು. ತರಬೇತಿ ಏನು ಪೋಲಿಯೋ ಹನಿಯೇ, ಬಾಯಿಗೆ ಎರಡು ಹನಿ ಬಿಟ್ಟು ಬೆರಳಿಗೆ ಗುರುತು ಹಾಕಿ ಕಳಿಸುವುದಕ್ಕೆ? ಗುರುತು ಹಾಕುವ ಕೆಲಸವೇನೋ ಚೆನ್ನಾಗಿ ನಡೆಯುತ್ತಿದೆ. 2020ರಲ್ಲಿ ಕೇಂದ್ರ ಸರ್ಕಾರದ ಶಿಕ್ಷಕ ತರಬೇತಿ ಕಾರ್ಯಕ್ರಮ ನಿಷ್ಠಾ ಆನ್‌ಲೈನಿಗೆ ಬಂತು, ದೀಕ್ಷಾ ವೇದಿಕೆಯಲ್ಲಿ 18 ಕೋರ್ಸು, ಮುಗಿಸಿದವರಿಗೆ ಪ್ರಮಾಣಪತ್ರ. ವಿಡಿಯೋ ತನ್ನಷ್ಟಕ್ಕೆ ಓಡುತ್ತಿದ್ದರೂ ಪ್ರಮಾಣಪತ್ರ ಬರುತ್ತಿತ್ತು ಎಂಬುದು ಯಾರಿಗೂ ಗುಟ್ಟಲ್ಲ.

ಕಳೆಯುವ ಲೆಕ್ಕ ಅಂದಿರಲ್ಲ, ಅದನ್ನೇ ನೋಡೋಣ. 52ರಲ್ಲಿ 27 ಕಳೆ ಅಂದರೆ ಎಷ್ಟೋ ಮಕ್ಕಳು 35 ಎಂದು ಬರೆಯುತ್ತಾರೆ. ಅದು ದಡ್ಡತನವಲ್ಲ. ಒಂದನೇ ತರಗತಿಯಲ್ಲಿ ‘ದೊಡ್ಡದರಿಂದ ಚಿಕ್ಕದನ್ನು ಕಳೆ’ ಎಂದು ಹೇಳಿಕೊಟ್ಟಿದ್ದಾರೆ. ಮಗು ಆ ಮಾತನ್ನು ನಿಷ್ಠೆಯಿಂದ ಪಾಲಿಸಿ ಬಿಡಿಸ್ಥಾನದ 7ರಿಂದ 2 ಕಳೆದಿದೆ. ಇಂಥ ಮಗುವಿಗೆ ‘ಪಕ್ಕದ ಮನೆಯಿಂದ ಸಾಲ ತಗೋ’ ಎಂದು ಹತ್ತು ಸಲ ಹೇಳಿದರೂ ಉಪಯೋಗವಿಲ್ಲ. ಹತ್ತು ಕಡ್ಡಿಯ ಐದು ಕಟ್ಟು ಮತ್ತು ಎರಡು ಬಿಡಿ ಕಡ್ಡಿ ಕೈಗೆ ಕೊಟ್ಟು ‘27 ಕಡ್ಡಿ ಕೊಡು’ ಅನ್ನಬೇಕು. ಏಳು ಬಿಡಿ ಇಲ್ಲವಲ್ಲ ಎಂದು ಮಗು ತಾನೇ ಒಂದು ಕಟ್ಟು ಬಿಚ್ಚುತ್ತದೆ. ನಾಲ್ಕು ಕಟ್ಟು, ಹನ್ನೆರಡು ಬಿಡಿ. ಬಿಚ್ಚಿದ್ದನ್ನು ಆಗಲೇ ಪಕ್ಕದಲ್ಲಿ ಅಂಕಿಯಲ್ಲಿ ಬರೆಸಬೇಕು; ಕಡ್ಡಿ ಆಟ ಒಂದು ದಿನ, ಲೆಕ್ಕ ಇನ್ನೊಂದು ದಿನ ಎಂದು ಬೇರೆ ಮಾಡಿದರೆ ಮಗುವಿಗೆ ಎರಡಕ್ಕೂ ಸಂಬಂಧ ಕಾಣುವುದಿಲ್ಲ. ಇಂಥ ಐದಾರು ಲೆಕ್ಕ ಆದ ಮೇಲೆ ಕಡ್ಡಿ ಬಿಟ್ಟು ಚಿತ್ರ, ಆಮೇಲೆ ಬರೀ ಅಂಕಿ. ಮುಂದೆ 302ರಲ್ಲಿ 147 ಬಂದಾಗ ನಡುವಿನ ಸೊನ್ನೆಯಲ್ಲಿ ಮತ್ತೆ ಎಡವುತ್ತಾರೆ, ಆಗ ಮತ್ತೆ ಕಡ್ಡಿಗೇ ಬರಬೇಕು.

ಕನ್ನಡ ಓದುವುದೂ ಹೀಗೇ. ‘ಸೂರ್ಯ’ ಎಂಬುದನ್ನು ‘ಸೂಯರ’ ಎಂದು ಓದುವ ಮಗು ಕಣ್ಣಿಗೆ ಕಂಡ ಕ್ರಮದಲ್ಲೇ ಓದುತ್ತಿದೆ. ಅರ್ಕಾವತ್ತು ಬರೆಯುವುದು ಹಿಂದೆ, ಉಚ್ಚರಿಸುವುದು ಮುಂದೆ. ಇದನ್ನು ಬೇರೆ ಒತ್ತಕ್ಷರಗಳ ಜೊತೆ ಕಲಸಿಬಿಟ್ಟರೆ ಏಳನೇ ತರಗತಿಯವರೆಗೂ ಸರಿಹೋಗುವುದಿಲ್ಲ.

ಇಂಥ ಒಂದು ತಪ್ಪನ್ನು ಗುರುತಿಸಿ ಸರಿಪಡಿಸುವುದನ್ನು ಶಿಕ್ಷಕರು ಕಲಿಯಲು ಅರ್ಧ ದಿನ ಬೇಕು. ಎರಡು ಮೂರು ವಾರ ಬಿಟ್ಟು ಅವರು ತಮ್ಮ ಮಕ್ಕಳ ನೋಟ್‌ಬುಕ್ ತಂದು, ತಪ್ಪುಗಳನ್ನು ವಿಂಗಡಿಸಿ, ಯಾವುದು ಯಾಕೆ ಎಂದು ಮಾತಾಡಲು ಇನ್ನರ್ಧ ದಿನ. ತರಬೇತಿ ಅನ್ನಬೇಕಾದದ್ದು ಈ ಎರಡನೆಯ ಅರ್ಧ ದಿನವನ್ನು. ಅದೇ ಹೆಚ್ಚಿನ ಕಡೆ ಇಲ್ಲ.

ಇರುವುದು ಮೆಟ್ಟಿಲು ಮೆಟ್ಟಿಲಾಗಿ ಇಳಿಯುವ ವ್ಯವಸ್ಥೆ. ರಾಜ್ಯಮಟ್ಟದಲ್ಲಿ ಸಂಪನ್ಮೂಲ ವ್ಯಕ್ತಿಗಳಿಗೆ (ತರಬೇತಿ ಕೊಡುವವರಿಗೆ), ಅವರಿಂದ ಜಿಲ್ಲೆಯವರಿಗೆ, ಅವರಿಂದ ಬಿಆರ್‌ಸಿಯಲ್ಲಿ, ಅಂದರೆ ತಾಲ್ಲೂಕು ಮಟ್ಟದ ಸಂಪನ್ಮೂಲ ಕೇಂದ್ರದಲ್ಲಿ, ತಾಲ್ಲೂಕಿನ ಶಿಕ್ಷಕರಿಗೆ. ಮೇಲೆ ಗಟ್ಟಿ ಮೊಸರಿದ್ದದ್ದು ತಾಲ್ಲೂಕಿಗೆ ಬರುವಷ್ಟರಲ್ಲಿ ನೀರುಮಜ್ಜಿಗೆ. ದಿನಗಳು ಕಡಿಮೆಯಾದಾಗ ಮೊದಲು ಬಿಟ್ಟುಹೋಗುವುದು ಕಡ್ಡಿ, ನೋಟ್‌ಬುಕ್, ಮಾಡಿ ನೋಡುವ ಕೆಲಸ. ಕೊನೆಯವರೆಗೂ ಉಳಿಯುವುದು ಪಿಪಿಟಿ. ಜೊತೆಗೆ ಮಾರ್ಚ್ 31ರೊಳಗೆ ಅನುದಾನ ಖರ್ಚಾಗಬೇಕು ಎಂದು ಫೆಬ್ರವರಿಯಲ್ಲಿ ಅವಸರದ ತರಬೇತಿ. ಜೂನ್‌ನಲ್ಲಿ ಹಿಂದಿನ ತರಗತಿಯ ಪಾಠ ನೆನಪಿಸುವ ಸೇತುಬಂಧ ಶುರುವಾಗುವಾಗ ಅದು ಯಾರಿಗೆ ನೆನಪಿರುತ್ತದೆ?

ಒಂದರಿಂದ ಮೂರನೇ ತರಗತಿಯ ಮಕ್ಕಳನ್ನು ಒಟ್ಟಿಗೆ ಕೂರಿಸಿ ಕಾರ್ಡುಗಳ ಮೂಲಕ ಕಲಿಸುವ ನಲಿ-ಕಲಿಯನ್ನೇ ನೋಡಿ. 1995ರಲ್ಲಿ ಎಚ್.ಡಿ. ಕೋಟೆಯಲ್ಲಿ, ಆಂಧ್ರದ ರಿಷಿವ್ಯಾಲಿ ಶಾಲೆಯ ಮಾದರಿ ನೋಡಿ ಬಂದ ಶಿಕ್ಷಕರೇ ಕೂತು ಕಾರ್ಡು ಮಾಡಿಕೊಂಡು ಶುರುಮಾಡಿದ್ದು. ವರ್ಣಮಾಲೆಯ ಕ್ರಮ ಬಿಟ್ಟು ‘ರ ಗ ಸ ದ ಅ’ದಿಂದ ಆರಂಭಿಸಿದ್ದು ಯಾಕೆ ಅಂದರೆ ಅವರು ಕಾರಣ ಹೇಳುತ್ತಿದ್ದರು: ಈ ಐದೇ ಅಕ್ಷರದಲ್ಲಿ ಗರಗಸ, ಅಗಸ, ಸರ, ದರ ಎಂದು ಮಗು ಪದ ಓದಿಬಿಡುತ್ತದೆ. 2009-10ರಲ್ಲಿ ಅದು ಆದೇಶವಾಗಿ ರಾಜ್ಯಕ್ಕೆಲ್ಲ ಹೋಯಿತು. ಕಾರ್ಡು, ಕಲಿಕೆಯ ಮೆಟ್ಟಿಲು ತೋರಿಸುವ ಏಣಿ, ಗುಂಪು ಗುರುತಿಸುವ ತಟ್ಟೆ ಎಲ್ಲ ತಲುಪಿದವು, ಕಾರಣ ತಲುಪಲಿಲ್ಲ. ಕಾರಣ ಗೊತ್ತಿಲ್ಲದವರ ಕೈಯಲ್ಲಿ ಒಂದು ಕಾರ್ಡು ಕಳೆದರೆ ಕಲಿಕೆ ಅಲ್ಲೇ ನಿಲ್ಲುತ್ತದೆ, ಗೊತ್ತಿರುವವರು ರಟ್ಟು ಕತ್ತರಿಸಿ ಇನ್ನೊಂದು ಮಾಡಿಕೊಳ್ಳುತ್ತಾರೆ.

ಕಲಿಸದ ಮೇಷ್ಟ್ರೂ ಇದ್ದಾರೆ, ಇಲ್ಲವೆಂದು ಯಾರು ಹೇಳಿದರು? ಕೆಲಸಕ್ಕೆ ಸೇರುವ ಮುಂಚಿನ ಓದಿನಲ್ಲೇ ಹುಳುಕಿದೆ. ನ್ಯಾಯಮೂರ್ತಿ ಜೆ.ಎಸ್. ವರ್ಮಾ ಆಯೋಗದ 2012ರ ವರದಿಯನ್ನು ಉಲ್ಲೇಖಿಸಿ ರಾಷ್ಟ್ರೀಯ ಶಿಕ್ಷಣ ನೀತಿ 2020 ಹೇಳುವ ಪ್ರಕಾರ, ಶಿಕ್ಷಕರ ಶಿಕ್ಷಣವೊಂದನ್ನೇ ನಡೆಸುವ, ಹತ್ತು ಸಾವಿರಕ್ಕೂ ಹೆಚ್ಚಿರುವ ಸಂಸ್ಥೆಗಳಲ್ಲಿ ಹೆಚ್ಚಿನವು ಪದವಿ ಮಾರುತ್ತಿವೆ. ಅದನ್ನು ಸೋಸಲು ಶಿಕ್ಷಕರ ಅರ್ಹತಾ ಪರೀಕ್ಷೆ, ಟಿಇಟಿ, ಬಂತು. 150 ಅಂಕ, ಸಾಮಾನ್ಯ ವರ್ಗಕ್ಕೆ 90 ಬಂದರೆ ಪಾಸು, ಎಲ್ಲವೂ ನಾಲ್ಕರಲ್ಲಿ ಒಂದು ಆರಿಸುವ ಪ್ರಶ್ನೆ. ಮನೋವಿಜ್ಞಾನಿ ಪಿಯಾಜೆ ಹೇಳಿದ ಮಗುವಿನ ಬೆಳವಣಿಗೆಯ ಹಂತಗಳನ್ನು ಗುರುತಿಸಿದವರು ಪಾಸಾಗಬಹುದು. ಮಗು ಯಾಕೆ 35 ಬರೆಯಿತು ಎಂದು ಮಗುವಿನ ಪಕ್ಕ ಕೂತು ಕಂಡುಕೊಳ್ಳುವುದನ್ನು ಓಎಂಆರ್ ಹಾಳೆ ಅಳೆಯುವುದಿಲ್ಲ.

ಆದರೆ ಊಟದ ಪಂಕ್ತಿಯಲ್ಲಿ ಯಾರೂ ಕೇಳದ ಪ್ರಶ್ನೆ ಒಂದಿದೆ: ಮೇಷ್ಟ್ರು ತರಬೇತಿಗೆ ಹೋದ ದಿನ ಶಾಲೆಯಲ್ಲಿ ಯಾರಿದ್ದರು?

ಶಿಕ್ಷಣ ಹಕ್ಕು ಕಾಯ್ದೆಯ ಪ್ರಕಾರ ಒಂದರಿಂದ ಐದನೇ ತರಗತಿಗೆ 60 ಮಕ್ಕಳವರೆಗೂ ಇಬ್ಬರು ಶಿಕ್ಷಕರು. ಒಬ್ಬರು ನಲಿ-ಕಲಿಗೆ, ಇನ್ನೊಬ್ಬರು ನಾಲ್ಕು ಮತ್ತು ಐದಕ್ಕೆ. ಒಬ್ಬರು ತರಬೇತಿಗೆ ಹೊರಟರೆ ಐದೂ ತರಗತಿ, ಬಿಸಿಯೂಟ, ಹಾಲು, ಮೊಟ್ಟೆ ಎಲ್ಲ ಉಳಿದವರ ತಲೆಗೆ. 2018ರಲ್ಲಿ ಸಮಗ್ರ ಶಿಕ್ಷಣದೊಳಗೆ ಸೇರಿಹೋದ ಸರ್ವ ಶಿಕ್ಷಣ ಅಭಿಯಾನದ ಲೆಕ್ಕದಲ್ಲಿ ಶಿಕ್ಷಕರಿಗೆ ವರ್ಷಕ್ಕೆ 20 ದಿನ ತರಬೇತಿ ಇತ್ತು. ಇಬ್ಬರಿಗೂ ಪೂರ್ತಿ ‘ಕೊಟ್ಟರೆ’ ಒಂದೋ 40 ದಿನ ಏಕೋಪಾಧ್ಯಾಯ ಶಾಲೆ, ಇಲ್ಲವೇ 20 ದಿನ ಬೀಗ. ಕಾಯ್ದೆಯ 27ನೇ ಸೆಕ್ಷನ್ ಹತ್ತು ವರ್ಷಕ್ಕೊಮ್ಮೆಯ ಜನಗಣತಿ, ವಿಪತ್ತು ಪರಿಹಾರ, ಚುನಾವಣೆ ಬಿಟ್ಟು ಬೇರೆ ಕೆಲಸ ಹಚ್ಚಬಾರದು ಅನ್ನುತ್ತದೆ. ಆದರೂ 2025ರಲ್ಲಿ ರಾಜ್ಯದ ಸಾಮಾಜಿಕ-ಶೈಕ್ಷಣಿಕ ಸಮೀಕ್ಷೆಗೆ ಮನೆಮನೆ ತಿರುಗಿದ್ದು ಶಿಕ್ಷಕರೇ. ಅದು ಮುಗಿಯಲಿಲ್ಲವೆಂದು ದಸರಾ ರಜೆಯನ್ನೇ ಅಕ್ಟೋಬರ್ 18ರವರೆಗೆ ಎಳೆದರು. ಆ ದಿನಗಳ ಪಾಠದ ಲೆಕ್ಕ ಯಾರೂ ಕೇಳುವುದಿಲ್ಲ, ಟ್ರೈನಿಂಗಿನ ಲೆಕ್ಕ ಕೇಳುತ್ತಾರೆ.

ಎರಡನೆಯ ಅರ್ಧ ದಿನಕ್ಕೆ ಶಿಕ್ಷಕರನ್ನು ತಾಲ್ಲೂಕಿಗೆ ಕರೆಸಬೇಕೆಂದೂ ಇಲ್ಲ. ಅದಕ್ಕೆಂದೇ ಅಕ್ಕಪಕ್ಕದ ಶಾಲೆಗಳ ಗುಂಪಿಗೆ, ಅಂದರೆ ಕ್ಲಸ್ಟರಿಗೊಬ್ಬರು ಸಂಪನ್ಮೂಲ ವ್ಯಕ್ತಿ, ಸಿಆರ್‌ಪಿ, ಇದ್ದಾರೆ. ಶಾಲೆಗೆ ಬಂದು, ಹಿಂದಿನ ಸಾಲಿನಲ್ಲಿ 40 ನಿಮಿಷ ಕೂತು, ಐದು ನೋಟ್‌ಬುಕ್ ತಿರುವಿ, ಒಂದೇ ಒಂದು ತಪ್ಪಿನ ಬಗ್ಗೆ ಮೇಷ್ಟ್ರ ಜೊತೆ ಮಾತಾಡಿ ಹೋದರೆ ಸಾಕು. ಹೀಗೆ ಮಾಡುವ ಸಿಆರ್‌ಪಿಗಳು ಇದ್ದಾರೆ. ಅವರು ಕೂತು ಹತ್ತು ನಿಮಿಷವಾಗಿರುತ್ತದೆ, ಅಷ್ಟರಲ್ಲಿ ವಾಟ್ಸಾಪಿಗೆ ಬಂದಿರುತ್ತದೆ: ‘ತುರ್ತು. ಶೂ-ಸಾಕ್ಸ್ ವಿತರಣೆಯ ಮಾಹಿತಿಯನ್ನು ಎಲ್ಲಾ ಶಾಲೆಗಳಿಂದ ಪಡೆದು ಮಧ್ಯಾಹ್ನ 3ರೊಳಗೆ ಕಡ್ಡಾಯವಾಗಿ ಸಲ್ಲಿಸುವುದು.’