ಸೀ ಹಾಕ್ ಡೈರಿ: ರೆಕ್ಕೆ ಮಡಚಿತು, ಬಣ್ಣದ ಕೆಲಸ ಶುರು

ಕಳೆದ ಸಲ ಬರೆದಾಗ ನಾನು ಮಾಡುತ್ತಿರುವ ಸೀ ಹಾಕ್ ಜೆಟ್ ವಿಮಾನದ ಪ್ಲಾಸ್ಟಿಕ್ ಮಾದರಿ ಇನ್ನೂ ತುಂಡು ತುಂಡಾಗಿತ್ತು. ಈಗ ಮೈ ಜೋಡಣೆ ಮುಗಿದಿದೆ. ಎಡ ರೆಕ್ಕೆ ಮೇಲಕ್ಕೆ ಮಡಚಿ ಕೂತಿದೆ, ಬಲ ರೆಕ್ಕೆ ಬಣ್ಣದ ಪ್ರಯೋಗ ಮುಗಿಯುವ ತನಕ ಬೇರೆಯೇ ಇರುತ್ತೆ. ಮೂತಿಯೊಳಗೆ ಮೀನಿನ ಗಾಳಕ್ಕೆ ಕಟ್ಟುವ ಸೀಸದ ಗುಂಡುಗಳನ್ನು ತುಂಬಿದ್ದೇನೆ. ಇಲ್ಲದಿದ್ದರೆ ಈ ವಿಮಾನ ಮೂರು ಗಾಲಿಯ ಮೇಲೆ ನಿಲ್ಲೋದೇ ಇಲ್ಲ, ಬಾಲದ ಮೇಲೆ ಕೂತುಬಿಡುತ್ತೆ.

ಹೊಸದಾಗಿ ಓದುವವರಿಗೆ ಎರಡು ಮಾತು. ಇದು 1/48 ಅಳತೆಯ ಹಾಕರ್ ಸೀ ಹಾಕ್. ನಿಜವಾದ ವಿಮಾನದ ರೆಕ್ಕೆಯಗಲ 11.89 ಮೀಟರ್, ನನ್ನ ಮೇಜಿನ ಮೇಲಿರೋದು ಹತ್ತಿರ ಹತ್ತಿರ 25 ಸೆಂಟಿಮೀಟರ್. ನಮ್ಮ ನೌಕಾಪಡೆಯ ಮೊದಲ ಜೆಟ್ ಫೈಟರ್ ಇದು. ಹಳೇ ಐಎನ್‌ಎಸ್ ವಿಕ್ರಾಂತ್ ಅನ್ನೋ ವಿಮಾನವಾಹಕ ಹಡಗಿನ ಮೇಲಿಂದ ಹಾರುತ್ತಿತ್ತು. ಐಎನ್‌ಎಎಸ್ 300, ಅಂದರೆ ನೌಕಾಪಡೆಯ 'ವೈಟ್ ಟೈಗರ್ಸ್' (ಬಿಳಿ ಹುಲಿಗಳು) ವಿಮಾನ ಸ್ಕ್ವಾಡ್ರನ್ನಿನದು. 1961ರ ಮೇ 18ರಂದು ವಿಕ್ರಾಂತ್ ಡೆಕ್ ಮೇಲೆ ಮೊದಲ ಜೆಟ್ ಇಳಿಸಿದವರು ಲೆಫ್ಟಿನೆಂಟ್ ಆರ್.ಎಚ್. ತಹಿಲಿಯಾನಿ, ಮುಂದೆ ನೌಕಾಪಡೆಯ ಮುಖ್ಯಸ್ಥರಾದವರು. 1971ರ ಯುದ್ಧದಲ್ಲಿ, ಡಿಸೆಂಬರ್ 4ರಂದು, ಆಗಿನ ಪೂರ್ವ ಪಾಕಿಸ್ತಾನದ ಕಾಕ್ಸ್ ಬಜಾರ್ ಮೇಲೆ ಎರಗಿದ್ದೂ ಇವೇ ಸೀ ಹಾಕ್‌ಗಳು. ಆಗ ವಿಕ್ರಾಂತ್‌ನ ಒಂದು ಬಾಯ್ಲರ್ ಬಿರುಕು ಬಿಟ್ಟು ಹಡಗು ಪೂರ್ತಿ ವೇಗದಲ್ಲಿ ಓಡುವ ಹಾಗಿರಲಿಲ್ಲ. ಆದರೂ ವಿಮಾನಗಳು ಹಾರಿದವು. ಆ ಹಡಗಿನ ಮೇಲೂ ಆ ಹುಡುಗರ ಮೇಲೂ ನನಗಿರುವ ಗೌರವಕ್ಕೆ ಇದೇ ಕಾರಣ.

ಬೀದರ್‌ನಲ್ಲಿ ಕೂತು ಕಡಲಿನ ವಿಮಾನ ಯಾಕೆ ಅಂತ ಕೇಳ್ತಾರೆ. ನಮ್ಮೂರಲ್ಲಿ ತಲೆ ಎತ್ತಿದರೆ ಕಾಣೋದು ಹಾಕ್ ತರಬೇತಿ ವಿಮಾನ. ಸೂರ್ಯಕಿರಣ ತಂಡ ಹಾರಿಸೋದೂ ಅದನ್ನೇ. ಅದೂ ಇದೂ ಒಂದೇ ಹಾಕರ್ ಮನೆತನದವು. 1947ರಲ್ಲಿ ಸೀ ಹಾಕ್‌ನ ಮೊದಲ ಮಾದರಿ ಹಾರಿತು, 1974ರಲ್ಲಿ ಹಾಕ್ ಹಾರಿತು. ಅಜ್ಜನನ್ನು ನೋಡಬೇಕು ಅಂತ ನನಗೆ ಆಸೆಯಾದದ್ದು ಮೊಮ್ಮಗನನ್ನು ದಿನಾ ನೋಡಿಯೇ.

ಇಬ್ಭಾಗವಾದ ಹೊಗೆ ಕೊಳವೆ

ಸೀ ಹಾಕ್‌ನ ಬಾಲದಲ್ಲಿ ಜೆಟ್ ತೂತೇ ಇಲ್ಲ. ರೋಲ್ಸ್ ರಾಯ್ಸ್ ನೀನ್ ಇಂಜಿನ್ ಮೈಯ ನಡುವೆ ಇದೆ. ಅದರಿಂದ ಹೊರಡುವ ಕೊಳವೆ ಎರಡಾಗಿ ಸೀಳಿ, ರೆಕ್ಕೆ ಮೈಗೆ ಸೇರುವ ಜಾಗದ ಹಿಂದೆ ಎಡಕ್ಕೊಂದು ಬಲಕ್ಕೊಂದು ಬಾಯಿ ಬಿಡುತ್ತೆ. ಹೀಗಾಗಿ ಬಾಲದ ಕಡೆ ಜಾಗ ಉಳಿದು ಅಲ್ಲೂ ಇಂಧನದ ಟ್ಯಾಂಕ್ ಕೂರಿಸಲಿಕ್ಕೆ ಆಯಿತು. ಡೆಕ್ ಬಿಟ್ಟು ಹೋದ ವಿಮಾನ ಮತ್ತೆ ಡೆಕ್ ಹುಡುಕಿ ಬರಬೇಕಲ್ವಾ, ಇಂಧನ ಜಾಸ್ತಿ ಇದ್ದಷ್ಟೂ ಒಳ್ಳೇದು. ನೋಡಲಿಕ್ಕೂ ಎಷ್ಟು ಚೆಂದ! ಬಾಲ ಸಪೂರಾಗಿ ಚೂಪಾಗಿದೆ, ಇಳಿಯುವಾಗ ಡೆಕ್ ಮೇಲಿನ ತಂತಿಗೆ ಸಿಕ್ಕಿಸಿ ನಿಲ್ಲಿಸುವ ಕೊಕ್ಕೆಗೆ ಬೇಕಾದ ಜಾಗವೂ ಅಲ್ಲೇ ಸಿಕ್ಕಿದೆ. ನಾನು ನೋಡಿದ ಹಳೇ ಜೆಟ್‌ಗಳಲ್ಲಿ ಇದರಷ್ಟು ಒಪ್ಪವಾದ ಗೆರೆ ಇನ್ನೊಂದಕ್ಕಿಲ್ಲ.

ಕಿಟ್‌ನಲ್ಲಿ ಆ ಬಾಯಿಗಳ ಅಂಚು ದಪ್ಪ ಇತ್ತು. ಒಳಗಿಂದ ಕೆರೆದು ಕೆರೆದು ತಗಡಿನಷ್ಟು ತೆಳ್ಳಗೆ ಮಾಡಿದ್ದೇನೆ.

ಚೌಬಾರಾ ಹತ್ತಿರದ ಚಾಚಾ

ಗೆರೆಗಳ ಕೆಲಸ ಈ ಸಲದ ದೊಡ್ಡ ಕೆಲಸ. ವಿಮಾನದ ತಗಡು ತಗಡು ಕೂಡುವ ಕಡೆ ಕೂದಲೆಳೆಯಂಥ ಗೆರೆ ಇರುತ್ತೆ. ಅಂಟು ಹಾಕಿ ಉಜ್ಜಿದ ಮೇಲೆ ಅವು ಅಳಿಸಿಹೋಗುತ್ತವೆ, ಮತ್ತೆ ಗೀರಬೇಕು. ಬೂದು ಪ್ಲಾಸ್ಟಿಕ್ ಮೇಲೆ ಬೂದು ಗೆರೆ, ಎಷ್ಟು ಲೈಟ್ ಹಾಕಿದರೂ ಕಾಣಲ್ಲ.

ನಮ್ಮೂರ ನಡುವಿನ ಹಳೇ ಕಾವಲು ಗೋಪುರ ಚೌಬಾರಾ ಹತ್ತಿರ ಬಿದ್ರಿ ಕೆಲಸ ಮಾಡುವ ಚಾಚಾ ಒಬ್ಬರಿದ್ದಾರೆ. ರೆಕ್ಕೆಯನ್ನು ಅವರ ಹತ್ತಿರ ಒಯ್ದು, "ಚಾಚಾ, ಇಷ್ಟು ಸಣ್ಣ ಗೆರೆ ನೀವು ಹ್ಯಾಂಗ ಹಾಕ್ತೀರಿ?" ಅಂತ ಕೇಳಿದೆ. ಅವರು ಎರಕ ಹೊಯ್ದ ಹೂದಾನಿ ಒಂದನ್ನು ತೋರಿಸಿದರು. ಬಿದ್ರಿ ಅಂದರೆ ಮುಖ್ಯವಾಗಿ ಸತು, ಜೊತೆಗೆ ಸ್ವಲ್ಪ ತಾಮ್ರ. ಎರಕ ಬೆಳ್ಳಗೆ ಇರುತ್ತೆ, ಗೀರಿದ್ದು ಕಾಣಲ್ಲ. ಅದಕ್ಕೆ ಮೊದಲು ಮೈಲುತುತ್ತದ ನೀರು ಸವರಿ ಮೇಲ್ಮೈ ಕಪ್ಪು ಮಾಡಿಕೊಳ್ತಾರೆ. ಆಮೇಲೆ ಉಳಿ ಆಡಿಸಿದ ಕಡೆಯೆಲ್ಲ ಬಿಳಿ ಗೆರೆ ಹೊಳೆಯುತ್ತೆ. ಆ ಗೆರೆಯೊಳಗೆ ಬೆಳ್ಳಿ ತಂತಿ ಕೂರಿಸೋದು. ಕೊನೆಗೆ ಕೋಟೆಯ ಮಣ್ಣು, ನವಸಾಗರ ಹಚ್ಚಿ ಬರಿಸುವ ಕಪ್ಪೇ ಬೇರೆ, ಅದು ನಿಲ್ಲುವ ಕಪ್ಪು. ಇದು ಕೆಲಸಕ್ಕೆ ಮಾತ್ರ ಬೇಕಾದ ಕಪ್ಪು.

"ಮೊದಲ ಕರ್ರಗ ಮಾಡ್ಕೋ ಬೇಟಾ, ಆಮ್ಯಾಲ ಗೀರು. ಕಾಣಲಾರದ್ದು ಹ್ಯಾಂಗ ಗೀರ್ತಿ?" ಅಂದರು.

ಮನೆಗೆ ಬಂದು ರೆಕ್ಕೆಗೆ ಕಪ್ಪು ಮಾರ್ಕರ್ ಬಳಿದೆ. ಗೀರು ಕಡ್ಡಿ ಇಟ್ಟು ಎಳೆದರೆ ಗೆರೆ ತಾನೇ ಎದ್ದು ಕಾಣುತ್ತೆ! ಎಲ್ಲಿ ಕೈ ಹಗುರಾಯಿತು, ಎಲ್ಲಿ ಒತ್ತು ಬಿತ್ತು, ಎಲ್ಲವೂ ಗೊತ್ತಾಗುತ್ತೆ. ಕೆಲಸ ಮುಗಿದ ಮೇಲೆ ಸ್ಪಿರಿಟ್‌ನಿಂದ ಒರೆಸಿದರೆ ಆಯಿತು. ಮಾದರಿ ಮಾಡುವವರು ಎಲ್ಲರೂ ಇದನ್ನು ಮಾಡಿ ನೋಡಿ. ಚಾಚಾ ಅವರ ಕೈಕೆಳಗೆ ಕೂತು ಇನ್ನೂ ಕಲಿಯೋದು ಬಹಳ ಇದೆ.

ಬಾಲ ನೋಡಿ ಊರು ಹೇಳೋದು

ಉಳಿದಿರುವ ಸೀ ಹಾಕ್‌ಗಳ ಫೋಟೋಗಳನ್ನೂ ನಾನು ಕೂಡಿಸುತ್ತಿದ್ದೇನೆ. ನಮ್ಮಲ್ಲಿಗೆ ಬ್ರಿಟನ್ನಿನಿಂದ ಬಂದವು ಒಂದಿಷ್ಟು. 1960ರ ದಶಕದಲ್ಲಿ ಜರ್ಮನ್ ನೌಕಾಪಡೆ ಬಳಸಿದ ಮಾರ್ಕ್ 100, ಮಾರ್ಕ್ 101 ವಿಮಾನಗಳೂ ಬಂದವು. ಜರ್ಮನಿಯವುಗಳ ಬಾಲದ ರೆಕ್ಕೆ ಎತ್ತರ ಜಾಸ್ತಿ. ಹಾಗಾಗಿ ಹಳೇ ಫೋಟೋ ಸಿಕ್ಕರೆ ನಾನು ಮೊದಲು ನೋಡೋದು ಬಾಲ. ನಂಬರ್ ಬಣ್ಣದಲ್ಲಿ ಮುಚ್ಚಿಹೋಗಿರಬಹುದು, ತಪ್ಪಾಗಿಯೂ ಬರೆದಿರಬಹುದು. ಬಾಲದ ಎತ್ತರ ಸುಳ್ಳು ಹೇಳಲ್ಲ.

ಗೋವಾದ ಬೋಗ್ಮಾಲೋದಲ್ಲಿ ನೌಕಾ ವೈಮಾನಿಕ ಮ್ಯೂಸಿಯಂ ಇದೆ, 1998ರಲ್ಲಿ ತೆರೆದದ್ದು. ಸೀ ಹಾಕ್, ಅದರ ಜಾಗಕ್ಕೆ ಬಂದ ಸೀ ಹ್ಯಾರಿಯರ್, ಅಲಿಝೆ, ವ್ಯಾಂಪೈರ್, ಫೈರ್‌ಫ್ಲೈ ಎಲ್ಲವೂ ಒಂದೇ ಕಡೆ ಸಿಗುತ್ತವೆ. ಕನ್ನಡಿಗರಿಗೆ ಅದು ದೂರವೇನಲ್ಲ. ಮಕ್ಕಳನ್ನು ಕರೆದುಕೊಂಡು ಹೋಗಿ. ವಿಮಾನದ ಹೊಟ್ಟೆಯ ಕೆಳಗೆ ಬಗ್ಗಿ ನೋಡಲಿಕ್ಕೆ ಹೇಳಿ, ಕಥೆ ಇರೋದು ಅಲ್ಲೇ.

ಬಯಲಲ್ಲಿ ನಿಂತ ಹಳೇ ವಿಮಾನದ ಕಷ್ಟ ಏನು ಅಂದರೆ, ಅದರ ಮೈ ಅಲ್ಯುಮಿನಿಯಂ, ಬೋಲ್ಟು ಉಕ್ಕು. ಎರಡು ಬೇರೆ ಲೋಹ ತಾಗಿಕೊಂಡು, ನಡುವೆ ಕಡಲಿನ ಉಪ್ಪು ತೇವ ಸೇರಿದರೆ, ಅಲ್ಯುಮಿನಿಯಂ ತಿಂದುಹೋಗುತ್ತೆ. ಬೋಲ್ಟಿನ ಸುತ್ತ ಬಿಳಿ ಪುಡಿ ಕಾಣುತ್ತೆ. ಆಮೇಲೆ ತಗಡು ಪದರ ಪದರವಾಗಿ ಏಳುತ್ತೆ. ಹೊರಗೆ ಎಲ್ಲ ಸರಿ ಕಾಣುತ್ತಿರುವಾಗಲೇ ಒಳಗೆ ನೀರು ನಿಂತಿರುತ್ತೆ. ಟೈರ್ ಬಿರಿಯುತ್ತೆ, ಕಾಕ್‌ಪಿಟ್ಟಿನ ಮೇಲಿನ ಪಾರದರ್ಶಕ ಗುಮ್ಮಟ ಬಿಸಿಲಿಗೆ ಮಸುಕಾಗುತ್ತೆ. ಉಪ್ಪು ಎಷ್ಟು ಕೆಟ್ಟದ್ದು ಅನ್ನೋದಕ್ಕೆ ಅಮೆರಿಕದ ಮಿಷಿಗನ್ ಸರೋವರ ನೋಡಿ. ಎರಡನೇ ಮಹಾಯುದ್ಧದ ಕಾಲದಲ್ಲಿ ಅಲ್ಲಿ ವುಲ್ವರಿನ್, ಸೇಬಲ್ ಅನ್ನೋ ಎರಡು ತರಬೇತಿ ಹಡಗುಗಳ ಮೇಲೆ ಪೈಲಟ್‌ಗಳು ಇಳಿಯೋದು ಕಲಿಯುತ್ತಿದ್ದರು. ನೂರಕ್ಕೂ ಹೆಚ್ಚು ವಿಮಾನ ನೀರಿಗೆ ಬಿದ್ದವು. ಸಿಹಿನೀರು, ತಣ್ಣನೆಯ ತಳ. ದಶಕಗಳ ಮೇಲೆ ಎತ್ತಿದಾಗ ಎಷ್ಟೋ ವಿಮಾನ ಗುರುತು ಸಿಗುವ ಹಾಗೆ ಇದ್ದವು. ಷಿಕಾಗೋದ ಒ'ಹೇರ್ ವಿಮಾನ ನಿಲ್ದಾಣದಲ್ಲಿ ನಿಲ್ಲಿಸಿರುವ ವೈಲ್ಡ್‌ಕ್ಯಾಟ್ ಫೈಟರ್ ಆ ಸರೋವರದ ತಳದಿಂದ ಬಂದದ್ದೇ.

ಬಣ್ಣದ ಪ್ರಶ್ನೆ

ಸೀ ಹಾಕ್‌ನ ಹಳೇ ಬಣ್ಣ ಎರಡೇ. ಮೇಲೆ ಕಡು ಕಡಲ ಬೂದು, ಬ್ರಿಟಿಷ್ ಸ್ಟ್ಯಾಂಡರ್ಡ್ ನಂಬರ್ 640. ಕೆಳಗೆ ಸ್ಕೈ ಅನ್ನೋ ತಿಳಿ ಹಸಿರು ಬಣ್ಣ, ನಂಬರ್ 210. ಡಬ್ಬಿಯ ಬಣ್ಣ ಬಳಿದು ಮುಗಿಸಬಹುದು. ನನಗೆ ಹಾಗೆ ಮುಗಿಸಲಿಕ್ಕೆ ಮನಸ್ಸಿಲ್ಲ.

ಇಂಗ್ಲೆಂಡಿನ ಯೋವಿಲ್ಟನ್‌ನ ಫ್ಲೀಟ್ ಏರ್ ಆರ್ಮ್ (ಬ್ರಿಟಿಷ್ ನೌಕಾಪಡೆಯ ವಿಮಾನ ವಿಭಾಗ) ಮ್ಯೂಸಿಯಂನಲ್ಲಿ ಒಂದು ಕೋರ್ಸೇರ್ ಫೈಟರ್ ಇದೆ, ನಂಬರ್ ಕೆಡಿ 431. 1944ರದ್ದು. 1963ರಲ್ಲಿ ಮ್ಯೂಸಿಯಂ ಕೈಗೆ ಬಂತು. ಆ ದಶಕದಲ್ಲಿ ಅದಕ್ಕೆ ಹೊಸ ಬಣ್ಣ ಬಳಿದಿದ್ದರು. 2000ದ ನಂತರ ಅಲ್ಲಿನವರು ಆ ಮೇಲಿನ ಬಣ್ಣವನ್ನು ಮಾತ್ರ ಕೈಯಿಂದ ಇಂಚಿಂಚಾಗಿ ತೆಗೆದರು. ಕೆಳಗೆ ಯುದ್ಧಕಾಲದ ಬಣ್ಣ ಹಾಗೇ ಇತ್ತು, ಸವೆತ, ಗುರುತು, ತೇಪೆಗಳ ಸಮೇತ. ಅದನ್ನು ಹಾಗೇ ಇಟ್ಟರು, ಹೊಳಪು ಮಾಡಲಿಲ್ಲ. ಈಗ ಆ ವಿಮಾನ ನೋಡುವವರು 1944ರ ಮೈಯನ್ನೇ ನೋಡ್ತಾರೆ. ಹಳೇ ಫೈಟರ್ ಉಳಿಸುವ ಕೆಲಸದಲ್ಲಿ ಇದಕ್ಕಿಂತ ಒಳ್ಳೇ ಕೆಲಸ ನಾನು ಕಂಡಿಲ್ಲ.

ನಮ್ಮ ಮಹಮೂದ್ ಗವಾನನ ಮದ್ರಸಾವನ್ನೇ ನೋಡಿ. 1472ರ ಕಟ್ಟಡ. ಮುಂಭಾಗದಲ್ಲೂ ಉಳಿದಿರುವ ಮಿನಾರಿನ ಮೇಲೂ ಬಣ್ಣದ ಹೆಂಚುಗಳು ಅಲ್ಲಲ್ಲಿ ಮಾತ್ರ ಇವೆ. ಉಳಿದ ಜಾಗಕ್ಕೆಲ್ಲ ಹೊಸ ಟೈಲ್ಸ್ ಅಂಟಿಸಿದರೆ ನಮಗೆ ಹೊಟ್ಟೆ ಉರಿಯಲ್ವಾ? ವಿಮಾನಕ್ಕೂ ಅದೇ ಮರ್ಯಾದೆ ಸಿಗಬೇಕು.

ಹಾಗಂತ ಬಣ್ಣ ಬಳಿಯುವವರನ್ನು ನಾನು ಬೈಯಲ್ಲ. ಕಡಲ ದಂಡೆಯಲ್ಲಿ, ನಾಲ್ಕು ತಿಂಗಳ ಮಳೆಯಲ್ಲಿ, ಬಯಲಲ್ಲಿ ನಿಂತ ಅಲ್ಯುಮಿನಿಯಂಗೆ ಬಣ್ಣವೇ ರಕ್ಷೆ. ಬಳಿಯದೆ ಬಿಟ್ಟರೆ ವಿಮಾನವೇ ಹೋಗುತ್ತೆ. ನನ್ನ ಕೋರಿಕೆ ಇಷ್ಟೇ: ಕೆರೆಯುವ ಮೊದಲು ಪ್ರತಿ ಗುರುತಿನ ಫೋಟೋ ತೆಗೆಯಲಿ, ಒಂದು ಬಾಗಿಲ ಒಳಬದಿಯನ್ನಾದರೂ, ಗಾಲಿ ಗೂಡಿನ ಒಂದು ಮೂಲೆಯನ್ನಾದರೂ ಹಾಗೇ ಬಿಡಲಿ. ಯಾವ ಕಾಲಕ್ಕೆ ಯಾವ ಬಣ್ಣ ಇತ್ತು ಅಂತ ಮುಂದೆ ಹುಡುಕುವವರಿಗೆ ಆ ಒಂದು ಅಂಗೈ ಜಾಗ ಸಾಕು. ಹಳೇ ವಿಕ್ರಾಂತ್ ಹಡಗನ್ನು 2014ರಲ್ಲಿ ಒಡೆಯಲಿಕ್ಕೆ ಶುರುಮಾಡಿದರು. ಅದರ ಉಕ್ಕು ಸೇರಿದ ಬಜಾಜ್ ವಿ ಬೈಕುಗಳು ನಮ್ಮೂರ ರಸ್ತೆಯಲ್ಲೂ ಓಡಾಡಿವೆ. ಆ ಡೆಕ್ ಇನ್ನು ಸಿಗಲ್ಲ. ಅದರ ಮೇಲೆ ಓಡಿದ ವಿಮಾನಗಳಾದರೂ ಮೈಮೇಲಿನ ಗುರುತಿನ ಸಮೇತ ಉಳಿಯಲಿ.

ಅದಕ್ಕೇ ಬಲ ರೆಕ್ಕೆಯ ಮೇಲೆ ಪದರ ಪದರವಾಗಿ ಬಣ್ಣ ಹಾಕುತ್ತಿದ್ದೇನೆ. ತಳದಲ್ಲಿ ಬೆಳ್ಳಿ ಬಣ್ಣ, ಅಂದರೆ ಬರೀ ತಗಡು. ಅದರ ಮೇಲೆ ಪ್ರೈಮರ್, ಟಿಂಕರಿಂಗ್ ಅಂಗಡಿಯಿಂದ ತಂದದ್ದು. ಆಮೇಲೆ 640ರ ಬೂದು. ಕೊನೆಗೆ ಮ್ಯೂಸಿಯಂ ವಿಮಾನಕ್ಕೆ ಬಳಿಯುವಂಥ ಸ್ವಲ್ಪ ತಿಳಿ, ಸ್ವಲ್ಪ ಹೊಳಪಿನ ಬೂದು. ಎಲ್ಲ ಒಣಗಿದ ಮೇಲೆ 2000 ನಂಬರಿನ ವಾಟರ್ ಪೇಪರ್ ಒದ್ದೆ ಮಾಡಿ, ಒಂದು ಬೆರಳಿಂದ ಮೆಲ್ಲಗೆ ಉಜ್ಜೋದು. ನೀರು ಮೊದಲು ತಿಳಿ ಬೂದಾಗುತ್ತೆ. ನೀರಿನ ಬಣ್ಣ ಗಾಢವಾಯಿತು ಅಂದರೆ ಹಳೇ ಬಣ್ಣ ಸಿಕ್ಕಿತು, ಅಲ್ಲಿಗೆ ಕೈ ತೆಗೆಯಬೇಕು. ರೆಕ್ಕೆಯ ಮುಂಭಾಗದ ಅಂಚಿನಲ್ಲಿ ಮಾತ್ರ ಬೆಳ್ಳಿ ಕಾಣುವ ತನಕ ಹೋಗಿದ್ದೇನೆ. ಬಿಸಿಲಿಗೆ ಹಿಡಿದರೆ ಪದರಗಳ ಅಂಚು ಸಣ್ಣ ಮೆಟ್ಟಿಲಿನ ಹಾಗೆ ಕಾಣುತ್ತೆ. ಬಹಳ ಖುಷಿಯಾಯಿತು.

ಮುಂದಿನ ಕೆಲಸ: ಇದೇ ಲೆಕ್ಕದಲ್ಲಿ ಮೈಗೆ ಬಣ್ಣ, ಆಮೇಲೆ ಬಿಳಿ ಹುಲಿ ಲಾಂಛನ. ಅದನ್ನು ಕೈಯಲ್ಲೇ ಬರೆಯೋದು ಅಂತ ತೀರ್ಮಾನ ಮಾಡಿದ್ದೇನೆ. ಮಳೆಗಾಲದ ತೇವದಲ್ಲಿ ಏರ್‌ಬ್ರಷ್ ಸರಿಯಾಗಿ ಬರಲ್ಲ, ದಸರಾ ಕಳೆಯಲಿ.

ಒಂದು ಸಹಾಯ ಬೇಕು. ನಿಮ್ಮ ಮನೆಯಲ್ಲಿ ನೌಕಾಪಡೆಯಲ್ಲಿದ್ದ ದೊಡ್ಡಪ್ಪ, ಮಾವ ಯಾರಾದರೂ ಇದ್ದು, 60-70ರ ದಶಕದ ಆಲ್ಬಮ್‌ನಲ್ಲಿ ಸೀ ಹಾಕ್ ಇದ್ದರೆ ಹೊಟ್ಟೆಯ ಭಾಗ, ಕೊಕ್ಕೆಯ ಸುತ್ತ, ಹೊಗೆ ಬಾಯಿಯ ಹಿಂದೆ ಮಸಿ ಹೇಗೆ ಕೂತಿದೆ ನೋಡಿ ತಿಳಿಸಿ. ಕಪ್ಪು-ಬಿಳುಪು ಆದರೂ ನಡೆಯುತ್ತೆ. ಫೋಟೋವನ್ನು ಆಲ್ಬಮ್‌ನಿಂದ ಕೀಳಬೇಡಿ, ಹಾಗೇ ಮೊಬೈಲಿನಲ್ಲಿ ತೆಗೆದು ಕಳಿಸಿ. ಹಿಂದೆ ಏನಾದರೂ ಬರೆದಿರೋದು ಗೊತ್ತಿದ್ದರೆ ಅದನ್ನೂ ಸೇರಿಸಿ.