ಏಕಾದಶಿಯ ದಿನ ಕಲಿತ ಎರಡಕ್ಷರ

ಅಮ್ಮನಿಗೆ ಇನ್ಸುಲಿನ್ ಶುರು ಮಾಡಿದ ದಿನ ಡಾಕ್ಟರು ಒಂದು ಮಾತನ್ನು ಒತ್ತಿ ಹೇಳಿದ್ದರು: "ಹೈಪೋ ಆಗದ ಹಾಗೆ ನೋಡ್ಕೊಳ್ಳಿ." ನಾನು ತಲೆಯಾಡಿಸಿದೆ. ನನಗೆ ಗೊತ್ತಿದ್ದದ್ದು ಹೈಪರ್. ಅಪ್ಪನಿಗೆ ಹೈಪರ್‌ಟೆನ್ಷನ್ ಇತ್ತು, ಅಂದರೆ ಬಿ.ಪಿ. ಜಾಸ್ತಿ. ಹೈಪೋ ಎಂದರೆ ಅದನ್ನೇ ಮೊಟಕು ಮಾಡಿ ಹೇಳುವುದು ಅಂದುಕೊಂಡೆ. ಮನೆಗೆ ಬಂದವನೇ ಸಕ್ಕರೆ ಡಬ್ಬಿಯನ್ನು ಅಟ್ಟಕ್ಕೆ ಏರಿಸಿದೆ.

ಮುಂದಿನ ಏಕಾದಶಿಯಂದು ಅಮ್ಮ ಎಂದಿನಂತೆ ಬೆಳಿಗ್ಗೆ ಇಂಜೆಕ್ಷನ್ ತೆಗೆದುಕೊಂಡು ಉಪವಾಸ ಕೂತಳು. ಹನ್ನೊಂದರ ಹೊತ್ತಿಗೆ ದೇವರ ಮನೆಯ ಬಾಗಿಲಿಗೆ ಒರಗಿಕೊಂಡಿದ್ದಳು. ರವಿಕೆ ಬೆವರಿನಿಂದ ತೊಯ್ದಿತ್ತು, ಕೈ ನಡುಗುತ್ತಿತ್ತು. "ಒಂದು ಚೂರು ಬೆಲ್ಲ ಕೊಡೋ" ಅಂದಳು. ಶುಗರ್ ಏರಿದೆ, ಡಾಕ್ಟರು ಹೇಳಿದ್ದ ಹೈಪೋ ಇದೇ ಎಂದು ನಾನು ಕೊಡಲಿಲ್ಲ. ಅದನ್ನು ನೆನೆದರೆ ಇವತ್ತಿಗೂ ಹೊಟ್ಟೆಯಲ್ಲಿ ಸಂಕಟವಾಗುತ್ತದೆ.

ದೊಡ್ಡಮ್ಮನ ಮಗಳು ನರ್ಸ್. ಫೋನ್ ಮಾಡಿದೆ. "ಮೊದಲು ಮಿಷನ್‌ನಲ್ಲಿ ಶುಗರ್ ನೋಡು" ಅಂದಳು. 52 ತೋರಿಸಿತು. "ಹೈಪೋ ಅಂದ್ರೆ ಕಮ್ಮಿ ಕಣೋ! ಚಿಕ್ಕಮ್ಮಂಗೆ ಎಚ್ಚರ ಇದ್ಯಾ? ನುಂಗ್ತಾರಾ? ಹಾಗಾದ್ರೆ ಮೂರು ಚಮಚ ಸಕ್ಕರೆ ನೀರಲ್ಲಿ ಕದಡಿ ಕುಡಿಸು. ಎಚ್ಚರ ತಪ್ಪಿದ್ರೆ ಮಾತ್ರ ಬಾಯಿಗೆ ಏನೂ ಹಾಕ್ಬೇಡ, ಆಸ್ಪತ್ರೆಗೆ ಓಡು." ಅಟ್ಟದಿಂದ ಡಬ್ಬಿ ಇಳಿಸಿ ಕುಡಿಸಿದೆ. 15 ನಿಮಿಷಕ್ಕೆ ಮತ್ತೆ ನೋಡಿದಾಗ 88. ಅಮ್ಮನ ಮುಖಕ್ಕೆ ಕಳೆ ಬಂತು. ವ್ರತ ಮುರಿದು ಎರಡು ಇಡ್ಲಿ ತಿಂದಳು.

ಆ ರಾತ್ರಿ ನನಗೆ ನಿದ್ದೆ ಹತ್ತಲಿಲ್ಲ. ಕೂತು ಪದ ಬಿಡಿಸಿದೆ. ಹೈಪೋಗ್ಲೈಸೀಮಿಯಾ: ಗ್ರೀಕಿನಲ್ಲಿ ಹೈಪೋ ಎಂದರೆ ಕೆಳಗೆ, ಗ್ಲೈಕಿಸ್ ಎಂದರೆ ಸಿಹಿ, ಹೈಮಾ ಎಂದರೆ ರಕ್ತ. ರಕ್ತದ ಸಿಹಿ ಕೆಳಗಿಳಿದಿದೆ, ಅಷ್ಟೇ. ಹೈಪರ್ ಎಂದರೆ ಮೇಲೆ. ಇನ್ನೂ ಕೆದಕಿದಾಗ ಮೈ ಜುಮ್ಮೆಂದಿತು: ಗ್ರೀಕಿನ ಹೈಪೋ ಮತ್ತು ಸಂಸ್ಕೃತದ 'ಉಪ' ಒಂದೇ ಮೂಲದವು, ಹೈಪರ್ ಮತ್ತು 'ಉಪರಿ' ಹಾಗೆಯೇ. ಉಪನದಿ, ಉಪಾಧ್ಯಕ್ಷ ಎನ್ನುವಾಗಿನ 'ಉಪ'. ಅಮ್ಮ ಹಿಡಿದಿದ್ದ ಉಪವಾಸದ 'ಉಪ' ಕೂಡ. ಉಪರಿಯಂತೂ ನಮ್ಮ ಉಪ್ಪರಿಗೆಯಲ್ಲೇ ಇದೆ. ಉಪ್ಪರಿಗೆ ಮೇಲಿರುತ್ತದೆ ಎಂದು ಯಾರಿಗೂ ಹೇಳಿಕೊಡಬೇಕಿಲ್ಲ. ಈ ನಂಟನ್ನು ಶಾಲೆಯಲ್ಲೇ ಯಾರಾದರೂ ಹೇಳಿದ್ದರೆ ಅಂದು ಬೆಲ್ಲ ಕೊಡುತ್ತಿದ್ದೆ.

ಅಲ್ಲಿಂದ ಎಲ್ಲ ಕಡೆ ಹೈಪೋ ಕಾಣತೊಡಗಿತು. ದಿನವೂ ಅಮ್ಮನಿಗೆ ಚುಚ್ಚುವ ಸೂಜಿಯೇ ಹೈಪೋಡರ್ಮಿಕ್, ಚರ್ಮದ ಕೆಳಗಿನದು. ಹೈಸ್ಕೂಲಿನ ಹೈಪಾಟೆನ್ಯೂಸ್, ಲಂಬಕೋನದ ಕೆಳಗೆ ಚಾಚಿಕೊಂಡ ಗೆರೆ. ಥೈರಾಯ್ಡ್ ರಿಪೋರ್ಟ್ ಮಾತ್ರ ನನ್ನನ್ನು ತುಸು ಹೊತ್ತು ಕಾಡಿತು. ಚಿಕ್ಕಪ್ಪನಿಗೆ ಹೈಪೋಥೈರಾಯ್ಡ್, ಆದರೆ ಥೈರಾಯ್ಡ್ ಗ್ರಂಥಿಗೆ ಕೆಲಸ ಮಾಡು ಎಂದು ಹೇಳುವ ಟಿ.ಎಸ್.ಎಚ್. ಎಂಬ ಹಾರ್ಮೋನಿನ ಅಂಕಿ ಮೇಲಿದೆ! ಕಡಿಮೆಯಾಗಿರುವುದು ಗ್ರಂಥಿಯ ಹಾರ್ಮೋನು. ಅದು ಸಾಲದು ಎಂದು ಮೆದುಳಿನ ಬುಡದ ಪಿಟ್ಯುಟರಿ ಹೆಚ್ಚು ಹೆಚ್ಚು ಟಿ.ಎಸ್.ಎಚ್. ಕಳಿಸುತ್ತದೆ. ಅಂಕಿ ಏರುವುದು ಅದಕ್ಕೇ.

ಫ್ರಿಜ್ಜಿನ ಬಾಗಿಲಿಗೆ ಚೀಟಿ ಅಂಟಿಸಿದೆ: "ಹೈಪೋ – ಕೆಳಗೆ – 70ಕ್ಕಿಂತ ಕಮ್ಮಿ – ಸಕ್ಕರೆ ಕೊಡು." ಅಕ್ಷರ ದೊಡ್ಡದು, ಅಮ್ಮನಿಗೆ ಕನ್ನಡಕ ಬೇಡ. ಡಬ್ಬಿ ಅಟ್ಟದಿಂದಿಳಿದು ಒಲೆ ಪಕ್ಕಕ್ಕೆ ಬಂತು. ಮುಂದಿನ ಏಕಾದಶಿಗೆ ದಶಮಿಯಂದೇ ಡಾಕ್ಟರಿಗೆ ಫೋನ್ ಮಾಡಿ ಇನ್ಸುಲಿನ್ ಎಷ್ಟು, ಊಟ ಏನು ಎಂದು ಕೇಳಿಕೊಂಡೆವು.